ದೊಡ್ಡಮ್ಮನ ಹೆಸರಿನ ಗಾಡಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಕಥೆ ಮುಗಿದ ಮೇಲೆ ಯಾರೂ ಬಂದು ‘ಶಾಂತರಾಜು, ನೀನು ಹಾಗೆ ಮಾಡಬಾರದಿತ್ತು’ ಅಂತ ಬುದ್ಧಿ ಹೇಳುವುದು ಬೇಡ. ಬುದ್ಧಿ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ನನ್ನ ಹೆಂಡತಿ ರಂಜಿನಿ ಆ ಕೆಲಸವನ್ನು ಎರಡೂವರೆ ವರ್ಷದಿಂದ ಒಂದು ದಿನವೂ ರಜೆ ಹಾಕದೆ ಮಾಡಿಕೊಂಡು ಬಂದಿದ್ದಾಳೆ. ಅವಳಿಗೆ ಇನ್ನೊಬ್ಬರ ಸಹಾಯ ಬೇಕಿಲ್ಲ.

ನಮ್ಮದು ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ. ನನಗೊಂದು ಪಿಕಪ್ ಗಾಡಿ ಇದೆ. ಸುತ್ತಮುತ್ತಲ ತೋಟಗಳ ತೆಂಗಿನಕಾಯಿ ತುಂಬಿಕೊಂಡು ಕರೆದ ಕಡೆಗೆ ಹೋಗುತ್ತೇನೆ. ಗಾಡಿ ಕೊಂಡವನು ನಾನು, ಓಡಿಸುವವನು ನಾನು, ನಡುರಸ್ತೆಯಲ್ಲಿ ಪಂಕ್ಚರ್ ಆದರೆ ಬೈಸಿಕೊಳ್ಳುವವನೂ ನಾನೇ. ಆದರೆ ಆರ್‌ಸಿ ಕಾರ್ಡಿನಲ್ಲಿ ಮಾಲೀಕರ ಜಾಗದಲ್ಲಿ ಇದ್ದದ್ದು ದೊಡ್ಡಮ್ಮನ ಹೆಸರು. ಆಕೆ ನನ್ನಪ್ಪನ ಅಕ್ಕ. ಅಪ್ಪ ಅಮ್ಮ ಇಬ್ಬರೂ ಬೇಗ ಹೋದ ಮೇಲೆ ನನ್ನನ್ನು ಸಾಕಿದವಳು. ವರಸೆಯಲ್ಲಿ ಅತ್ತೆ ಆಗಬೇಕು, ಆದರೆ ಹೆತ್ತವರು ಇಟ್ಟ ಹೆಸರೇ ದೊಡ್ಡಮ್ಮ ಆದ್ದರಿಂದ ನನಗೂ, ರಂಜಿನಿಗೂ, ಇಡೀ ಕೇರಿಗೂ ಆಕೆ ದೊಡ್ಡಮ್ಮನೇ.

ಗಾಡಿ ಆಕೆಯ ಹೆಸರಿನಲ್ಲಿ ಇದ್ದದ್ದಕ್ಕೆ ಕಾರಣ ಆಕೆಯ ಕೈಗುಣ. ಹೇಮಾವತಿ ನೀರು ನಾಲೆಗೆ ಬಂದು ಗದ್ದೆ ಹದವಾದ ಮೇಲೆ, ಮೊದಲ ಪೈರು ಊರುವುದಕ್ಕೆ ಊರಿನ ದೊಡ್ಡ ದೊಡ್ಡ ಜಮೀನಿನವರೆಲ್ಲ ಈಕೆಯನ್ನೇ ಕರೆಸುತ್ತಿದ್ದರು. ದೊಡ್ಡಮ್ಮ ಒಂದು ಹಿಡಿ ಪೈರು ಊರಿದ ಗದ್ದೆ ಯಾವತ್ತೂ ಕೈಕೊಟ್ಟಿಲ್ಲ ಎಂಬ ಮಾತಿತ್ತು. ಪೈರು ಊರುವುದಕ್ಕೆ ಆಕೆಯ ಕೈ ಬೇಕಿತ್ತು, ಊಟಕ್ಕೆ ಮಾತ್ರ ಕೊಟ್ಟಿಗೆಯ ಪಕ್ಕ ಎಲೆ ಹಾಕುತ್ತಿದ್ದರು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನಿನಗೆ ಉರಿಯುತ್ತಿರಲಿಲ್ಲವೇ ಎಂದು ಒಮ್ಮೆ ಕೇಳಿದ್ದೆ. “ಉರೀತಿತ್ತು ಕಣ್ಲಾ. ಆದ್ರೆ ಪೈರು ಏನ್ ತೆಪ್ಪು ಮಾಡಿತ್ತು?” ಅಂದಳು.

ಆಮೇಲೆ ನಾಟಿ ಯಂತ್ರ ಬಂತು. ಕೈಗುಣದ ನಂಬಿಕೆ ಮಾತ್ರ ಹೋಗಲಿಲ್ಲ, ಗದ್ದೆ ಬಿಟ್ಟು ಗಾಡಿ ಹತ್ತಿಕೊಂಡಿತು. ಮೊದಲು ನನ್ನ ಪಿಕಪ್ಪು ಆಕೆಯ ಹೆಸರಿಗೆ ಆಯಿತು. ಅದೇ ವರ್ಷ ಅರಕಲಗೂಡು ರಸ್ತೆಯ ತಿರುವಿನಲ್ಲಿ ಬ್ರೇಕ್ ಹಿಡಿಯದೆ ಹೋದರೂ ಕಾಯಿ ಒಂದೂ ಒಡೆಯದೆ ಗಾಡಿ ಹುಲ್ಲಿನ ಮೆದೆಗೆ ಹೋಗಿ ನಿಂತಿತು. ಅಷ್ಟು ಸಾಕಾಯಿತು ನಮ್ಮ ಜನಕ್ಕೆ. ಕೇರಿಯ ಆಟೋಗಳು, ಒಂದು ಟೆಂಪೋ, ಚನ್ನರಾಯಪಟ್ಟಣದ ನಮ್ಮ ನೆಂಟರ ಕಾರು, ಒಂದೊಂದಾಗಿ ಎಲ್ಲ ಆಕೆಯ ಹೆಸರಿಗೆ ಬಂದವು. ಇಷ್ಟು ಗಾಡಿಯ ಒಡತಿಗೆ ಬಿಪಿಎಲ್ ಕಾರ್ಡು ಯಾಕೆ ಎಂದು ಅದು ರದ್ದಾದಾಗ, ‘ನನ್ನೊಬ್ಬಳ ಒಟ್ಟೆಗೆ ಎಷ್ಟಕ್ಕಿ ಬೇಕ್ಲಾ’ ಎಂದು ನಕ್ಕಿದ್ದಳು. ಕಡೆಗೆ ದೇವರಾಜು ಕೂಡ ಬಂದ. ಕೊಟ್ಟಿಗೆಯ ಪಕ್ಕ ಎಲೆ ಹಾಕುತ್ತಿದ್ದ ಮನೆಯ ಮಗ ಅವನು. ಎರಡು ಸಲ ಟ್ರ್ಯಾಕ್ಟರ್ ಮಗುಚಿಕೊಂಡಿದ್ದ. ಮೂರನೆಯದನ್ನು ತಂದವನು ನಮ್ಮ ಕೇರಿಗೆ ನಡೆದುಕೊಂಡು ಬಂದು, ದೊಡ್ಡಮ್ಮನ ಜಗುಲಿಯ ಮುಂದೆ ನಿಂತು, ನಿನ್ನ ಹೆಸರು ಕೊಡು ಅಂತ ಕೇಳಿದ. ಆವತ್ತು ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಗುಂಡಿ ಕಿತ್ತುಹೋಗುವುದೊಂದು ಬಾಕಿ.

ಒಟ್ಟು ಒಂಬತ್ತು ಗಾಡಿ. ಹಾಸನದಲ್ಲಿ ನಮ್ಮ ಆರ್‌ಟಿಒ ಕಾಗದಪತ್ರ ನೋಡಿಕೊಳ್ಳುವ ಏಜೆಂಟ್ ರಜನೀಶ, “ಏನ್ ಸಾ, ನಿಮ್ ದೊಡ್ಡಮ್ಮ ಟ್ರಾನ್ಸ್‌ಪೋರ್ಟ್ ಕಂಪನಿ ಇಟ್ಟವ್ರಾ?” ಅಂತ ತಮಾಷೆ ಮಾಡುತ್ತಿದ್ದ.

ಎರಡೂವರೆ ವರ್ಷದ ಹಿಂದೆ ಕೇರಳಕ್ಕೆ ಕಾಯಿ ಲೋಡು ಹೋಗಿದ್ದೆ. ಊರಿನ ಹೆಸರು ಹೇಳುವುದಿಲ್ಲ, ತಪ್ಪು ಮಾಡಿದವನು ನಾನು, ಊರಿಗೆ ಯಾಕೆ ಕೆಟ್ಟ ಹೆಸರು? ಲೋಡು ಇಳಿಸಿದ ಮೇಲೆ ಹೊಟ್ಟೆ ಹಸಿದಿತ್ತು. ಒಂದು ಆಸ್ಪತ್ರೆಯ ಮುಂದೆ ಖಾಲಿ ಜಾಗ ಕಂಡಿತು, ಗಾಡಿ ತೂರಿಸಿ ಮೀನೂಟಕ್ಕೆ ಹೋದೆ. ಊಟ ಚೆನ್ನಾಗಿತ್ತು, ಇನ್ನೊಂದು ತುಂಡು ಹಾಕಿಸಿಕೊಂಡೆ. ಮುಕ್ಕಾಲು ಗಂಟೆ ಬಿಟ್ಟು ಬಂದರೆ ವೈಪರಿಗೆ ಒಂದು ಚೀಟಿ ಸಿಕ್ಕಿಸಿದ್ದರು. ಮಲಯಾಳದಲ್ಲಿ ಏನೇನೋ ಇತ್ತು, ಮಧ್ಯೆ ‘ನೋ ಪಾರ್ಕಿಂಗ್’ ಅಂತ ಇಂಗ್ಲಿಷಿನಲ್ಲಿತ್ತು. ಅದನ್ನು ಉಂಡೆ ಮಾಡಿ ಕಿಟಕಿಯಿಂದ ಎಸೆದೆ.

ಮನೆಗೆ ಬಂದು ಹೇಳಿದರೆ ರಂಜಿನಿ, “ಮೊಬೈಲ್ನಾಗೇ ದಂಡ ಕಟ್ಬೋದಂತೆ, ಕಟ್ಬುಡಿ. ಉಗುರ್ನಲ್ಲಿ ಓಗೋದ್ಕೆ ಕೊಡ್ಲಿ ತಕ್ಕಬ್ಯಾಡಿ” ಅಂದಳು.

“ಕೇರಳದ ಪೊಲೀಸಪ್ಪ ಅಳೇಕೋಟೆಗೆ ಬಂದು ಇಡ್ಕಂಡೋದಾನಾ? ಸುಮ್ಕಿರೇ” ಅಂದೆ.

ಮೊಬೈಲಿಗೆ ಮೆಸೇಜು ಬಂತು, ಅಳಿಸಿದೆ. ಇನ್ನೊಂದು ಬಂತು, ಅದನ್ನೂ ಅಳಿಸಿದೆ. ಆಮೇಲೆ ಬರುವುದು ನಿಂತಿತು. ನೋಡಿದೆಯಾ, ಸುಮ್ಮನಿದ್ದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ರಂಜಿನಿಯ ಮುಂದೆ ಮೀಸೆ ತಿರುವಿದೆ.

ಈ ವರ್ಷ ಯುಗಾದಿ ಕಳೆದ ಮೇಲೆ ಗಾಡಿಯ ಎಫ್‌ಸಿ ಮುಗಿಯಿತು. ಗಾಡಿ ಓಡಾಡಲು ಯೋಗ್ಯವಾಗಿದೆ ಎಂಬ ಆ ಸರ್ಟಿಫಿಕೇಟು ಇಲ್ಲದೆ ಬಾಡಿಗೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಹಾಸನಕ್ಕೆ ಹೋದರೆ ರಜನೀಶ ಕಂಪ್ಯೂಟರ್ ನೋಡಿ ತಲೆ ಕೆರೆದುಕೊಂಡ.

“ಸಾ, ಗಾಡಿ ಬ್ಲ್ಯಾಕ್‌ಲಿಸ್ಟ್ ಆಗೈತೆ. ಕೇರಳದ್ದು ಪಾರ್ಕಿಂಗ್ ಕೇಸು.”

“ಎಷ್ಟದು? ಈಗ್ಲೇ ಕಟ್ಟು.”

“ಕಟ್ಟೋ ಟೈಮು ಮುಗುದೋಯ್ತು ಸಾ. ಕೋರ್ಟ್‌ಗೋಗೈತೆ. ಅಲ್ಗೇ ಓಗಿ ತೀರುಸ್ಬೇಕು. ಅದ್ರಲ್ಲೂ ಓನರ್ರೇ ಬರ್ಬೇಕು.”

ಅವನ ಮೇಲೆ ಎಗರಾಡಿದೆ, ಮೇಜು ಕುಟ್ಟಿದೆ. ಪಾಪ, ಅವನೇನು ಮಾಡಿಯಾನು? ಕೋಪ ಬಂದಾಗ ಎದುರಿಗೆ ಸಿಕ್ಕವರೇ ನನಗೆ ಶತ್ರು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಒಬ್ಬ ವಕೀಲರನ್ನು ಹಿಡಿದು ಗುಟ್ಟಾಗಿ ಮುಗಿಸಿಬಿಡೋಣ ಎಂದು ಲೆಕ್ಕ ಹಾಕುತ್ತಿದ್ದೆ.

ಮಾರನೆಯ ದಿನವೇ ಅಂಚೆಯ ನೇತ್ರಾ ಸೈಕಲ್ಲು ತಳ್ಳಿಕೊಂಡು ಬಂದಳು. ದೊಡ್ಡಮ್ಮ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತಿದ್ದಳು. ನಾನು ನಾಲ್ಕು ಮಾರು ದೂರದಲ್ಲಿ ಗಾಡಿ ತೊಳೆಯುತ್ತಿದ್ದೆ. ದೊಡ್ಡಮ್ಮನಿಗೆ ಬಂದ ಕಾಗದವನ್ನೆಲ್ಲ ನೇತ್ರಾಳೇ ಓದಿ ಹೇಳುವುದು ರೂಢಿ. ಆವತ್ತೂ ಅವಳು ಒಳ್ಳೆಯ ಮನಸ್ಸಿನಿಂದಲೇ ಲಕೋಟೆ ಒಡೆದು, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿಕೊಂಡು ಜೋರಾಗಿ ಓದಿದಳು. “ಆರೋಪಿ, ದೊಡ್ಡಮ್ಮ, ಹಳೇಕೋಟೆ ಗ್ರಾಮ.” ಅಷ್ಟು ಓದಿ ನಿಲ್ಲಿಸಿಬಿಟ್ಟಳು.

“ಆರೋಪಿ ಅಂದ್ರೇನವ್ವಾ?” ಎಂದು ದೊಡ್ಡಮ್ಮ ಕೇಳಿದಳು.

ನೇತ್ರಾ ತಡವರಿಸಿದಳು. “ತಪ್ಪು ಮಾಡವ್ರೆ ಅಂತ ಕೋರ್ಟ್‌ನವ್ರು ಕರ್ಸೋದು, ದೊಡ್ಡಮ್ಮಾ.”

“ನಾನಾ?”

ನಲ್ಲಿಯ ನೀರು ಬಿಂದಿಗೆ ತುಂಬಿ ಹೊರಗೆ ಹರಿಯುತ್ತಿತ್ತು, ಯಾರೂ ನಿಲ್ಲಿಸಲಿಲ್ಲ. ದೊಡ್ಡಮ್ಮ ಸುತ್ತ ಒಮ್ಮೆ ನೋಡಿ ಕಡೆಗೆ ನನ್ನ ಕಡೆ ನೋಡಿದಳು. ಎಪ್ಪತ್ತನಾಲ್ಕು ವರ್ಷದಲ್ಲಿ ಒಬ್ಬರ ತೋಟದ ಒಂದು ಕಾಯಿ ಮುಟ್ಟದವಳು. ಮನೆಯಲ್ಲಿ ಬುದ್ಧನ ಪಟದ ಮುಂದೆ ಹುಣ್ಣಿಮೆಗೊಮ್ಮೆ ಕೂತು, ಕಳುವು ಮಾಡಲ್ಲ, ಸುಳ್ಳಾಡಲ್ಲ ಎಂದು ಬಾಯಿ ಬಿಟ್ಟು ಹೇಳಿ, ಹೇಳಿದ ಹಾಗೆಯೇ ನಡೆದವಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತೊಳೆದ ಚಕ್ರಕ್ಕೇ ಇನ್ನೊಂದು ಸಲ ಬಕೆಟ್ಟಿನ ನೀರು ಸುರಿದೆ.

ಬ್ಲ್ಯಾಕ್‌ಲಿಸ್ಟಿಗೆ ಬಿದ್ದದ್ದು ನನ್ನ ಗಾಡಿಯ ನಂಬರು. ಆದರೆ ಸುದ್ದಿ ಹಾಸನದಿಂದ ಹೊರಟು ನಮ್ಮೂರಿಗೆ ತಲುಪುವಷ್ಟರಲ್ಲಿ ದೊಡ್ಡಮ್ಮನ ಹೆಸರೇ ಸರ್ಕಾರದ ಕಪ್ಪು ಪಟ್ಟಿಗೆ ಸೇರಿದೆ ಎಂದಾಗಿತ್ತು. ಅಂಗಲ್ಲ ಕಣ್ರಯ್ಯಾ ಎಂದು ನಾನು ಟೀ ಅಂಗಡಿಯಲ್ಲಿ ಗಂಟಲು ಹರಿದುಕೊಂಡೆ. ಊರ ಬಾಯಿಗೆ ಮುಚ್ಚಳ ಉಂಟೇ? ಆಕೆಯ ಕೈಗುಣ ಮುಗಿಯಿತಂತೆ, ವಯಸ್ಸಾದ ಮೇಲೆ ಹೋಗಿಬಿಡುತ್ತದಂತೆ ಎಂದು ಒಬ್ಬರು ಶುರುಮಾಡಿದರು, ನಾಲ್ಕು ಜನ ತಲೆದೂಗಿದರು.

ಮೊದಲು ಬಂದವನು ದೇವರಾಜು. “ತೆಪ್ಪು ತಿಳ್ಕಬ್ಯಾಡ ದೊಡ್ಡಮ್ಮ, ಟ್ರ್ಯಾಕ್ಟ್ರು ನಮ್ ಸುದರ್ಶನ್ ಎಸ್ರಿಗೆ ಮಾಡ್ಸವಾ ಅಂತ” ಎಂದು ಕಾಗದ ಚಾಚಿದ. ಸುದರ್ಶನ್ ಅವನ ಮಗ. ದೊಡ್ಡಮ್ಮ ಹೆಬ್ಬೆಟ್ಟು ಒತ್ತಿದಳು. ಅದೇ ವಾರ ಇನ್ನಿಬ್ಬರು ಬಂದರು, ಅವರು ನಮ್ಮ ಕೇರಿಯವರೇ. ಮೋಹನ್‌ಕುಮಾರ್ ಎಂಬ ಹುಡುಗ ಹೊಸ ಆಟೋ ತಂದು ಬುದ್ಧ ಪೂರ್ಣಿಮೆಯ ದಿನ ನಿನ್ನ ಕೈಲೇ ಕೀ ತಿರುಗಿಸಬೇಕು ಎಂದು ತಿಂಗಳಿಂದ ಹೇಳಿಕೊಂಡು ಬಂದಿದ್ದ. ಅವನು ಮಲ್ಲಿಪಟ್ಟಣಕ್ಕೆ ಹೋಗಿ ಹೆಂಡತಿಯ ಕಡೆಯ ಯಾರದೋ ಕೈಯಲ್ಲಿ ತಿರುಗಿಸಿಕೊಂಡು ಬಂದ. ಚೆಂಡುಹೂವಿನ ಹಾರ ಹಾಕಿದ ಆಟೋ ದೊಡ್ಡಮ್ಮನ ಜಗುಲಿಯ ಮುಂದೆಯೇ ಹೋಯಿತು.

“ಗಾಡಿ ಲಕ್ಷಣವಾಗೈತೆ” ಅಂದಳು ದೊಡ್ಡಮ್ಮ. ಎದ್ದು ಒಳಗೆ ಹೋದಳು. ಆವತ್ತಿನಿಂದ ಜಗುಲಿಯ ಮೇಲೆ ಕೂರುವುದನ್ನೇ ಬಿಟ್ಟಳು.

ನನಗೆ ಎಫ್‌ಸಿ ಮರೆತುಹೋಯಿತು, ಬಾಡಿಗೆ ಮರೆತುಹೋಯಿತು. ಆಕೆಗೆ ಹೊಲವಿಲ್ಲ, ಮಕ್ಕಳಿಲ್ಲ, ಓದಿಲ್ಲ. ಇದ್ದದ್ದು ಒಂದು ಒಳ್ಳೆಯ ಹೆಸರು. ಅದನ್ನು ನಾನು ಒಂದು ತಟ್ಟೆ ಮೀನೂಟಕ್ಕೆ ಹಾಳುಮಾಡಿದ್ದೆ. ಹೇಗಾದರೂ ಮಾಡಿ ಆ ಹೆಸರನ್ನು ವಾಪಸ್ಸು ತರಲೇಬೇಕು ಎಂದು ಹಠ ಹಿಡಿದೆ.

“ದೊಡ್ಡಮ್ಮ, ಕೋರ್ಟ್‌ನಾಗೆ ನೀನು ಒಂದೇ ಮಾತು ಅನ್ನು. ನಂಗೇನೂ ಗೊತ್ತಿಲ್ಲ ಸೋಮಿ, ಗಾಡಿ ಇವ್ನುದು, ನಿಲ್ಸಿದೋನೂ ಇವ್ನೇ ಅಂತ ನನ್ ಕಡೆ ಕೈ ತೋರುಸ್ಬುಡು. ಎಲ್ಲಾ ನನ್ ಮ್ಯಾಲೆ ಬರ್ಲಿ” ಎಂದು ಕಾಲು ಹಿಡಿದೆ.

“ಎದ್ದೇಳ್ಲಾ ಮ್ಯಾಕೆ. ನೋಡಾನ ನಡಿ” ಅಂದಳು.

ಬಸ್ಸಿನಲ್ಲಿ ಹೊರಟೆವು. ಹೊಳೆನರಸೀಪುರದಿಂದ ಮೈಸೂರು, ಅಲ್ಲಿಂದ ಕಾಡು ದಾಟಿ ಘಟ್ಟ ಇಳಿದು ಕೇರಳ. ದೊಡ್ಡಮ್ಮ ಚನ್ನರಾಯಪಟ್ಟಣದ ಆಚೆಗೆ ಹೋದವಳಲ್ಲ. ಕಿಟಕಿಯ ಪಕ್ಕ ಕೂತು ಆ ಮರಗಳ ಎತ್ತರವನ್ನು ಕತ್ತು ನೋಯುವವರೆಗೂ ನೋಡಿದಳು. “ಇಷ್ಟು ದೂರ ಬಂದಿತ್ತಾ ನನ್ನೆಸ್ರು!” ಅಂದಳು. ಅದರಲ್ಲಿ ಹಂಗಿಸುವ ಧ್ವನಿ ಇರಲಿಲ್ಲ, ಆಕೆಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. 

ಕೋರ್ಟಿನಲ್ಲಿ ಹನ್ನೊಂದೂವರೆಗೆ ಕೂಗಿದರು. ನ್ಯಾಯಾಧೀಶರು ಹೆಣ್ಣುಮಗಳು, ನಲವತ್ತರ ಆಸುಪಾಸು. ಭಾಷೆ ತಿಳಿಯದವರಿಗೆಂದು ಕಾಸರಗೋಡಿನ ಕಡೆಯ ಒಬ್ಬ ವಯಸ್ಸಾದ ಗುಮಾಸ್ತರನ್ನು ಕರೆಸಿದರು. ಅವರು ನಮಗೆ ಕನ್ನಡದಲ್ಲಿ, ನ್ಯಾಯಾಧೀಶರಿಗೆ ಮಲಯಾಳದಲ್ಲಿ ಹೇಳುತ್ತಾ ಹೋದರು.

“ಈ ವಾಹನ ಯಾರದು ಅಂತ ಕೇಳುತ್ತಿದ್ದಾರೆ.”

ನಾನು ದೊಡ್ಡಮ್ಮನ ಬೆನ್ನ ಹಿಂದೆ ನಿಂತು, ನನ್ನ ಕಡೆ ತೋರಿಸು, ತೋರಿಸು ಎಂದು ಪಿಸುಗುಟ್ಟಿದೆ.

“ನಂದು ತಾಯಿ” ಅಂದಳು ದೊಡ್ಡಮ್ಮ.

“ನೀವೇ ಓಡಿಸುತ್ತೀರಾ?”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

“ನಂಗೆ ಸೈಕಲ್ಲೂ ಬರಾಕಿಲ್ಲ. ಎಸ್ರು ನಂದು. ಎಸ್ರು ಕೊಟ್ಟಿರೋಳು ನಾನು ಅಂದ್ಮ್ಯಾಲೆ ಉತ್ರ ಯೋಳೋಳೂ ನಾನೇ ಅಲ್ವಾ?”

ನನಗೆ ತಡೆಯಲಿಲ್ಲ. “ಸುಳ್ಳು ತಾಯಿ! ಆಯಮ್ಮುಂಗೇನೂ ಗೊತ್ತಿಲ್ಲ, ನಿಲ್ಸಿದೋನು ನಾನು, ನನ್ನ ಒಳಗಾಕಿ!” ಎಂದು ಕೂಗಿಬಿಟ್ಟೆ. ಪೇದೆಯೊಬ್ಬರು ನನ್ನ ತೋಳು ಹಿಡಿದರು. ದೊಡ್ಡಮ್ಮ ತಿರುಗಿ, “ನಾನು ಸುಳ್ಳೇಳ್ದೆ ಅಂತೀಯಾ? ಬಾಯ್ಮುಚ್ಚು” ಅಂದಳು. ಗದ್ದೆಯ ಬದುವಿನ ಮೇಲೆ ನಿಂತು ಮಕ್ಕಳನ್ನು ಗದರಿಸುತ್ತಿದ್ದ ಅದೇ ಧ್ವನಿ. ಗುಮಾಸ್ತರು ಅದನ್ನೂ ಅನುವಾದ ಮಾಡಿದರೋ ಏನೋ, ನ್ಯಾಯಾಧೀಶರು ತಲೆ ಬಗ್ಗಿಸಿ ಕಾಗದ ನೋಡಿದರು.

ಕಡತದಲ್ಲಿ ಒಂದು ಫೋಟೋ ಇತ್ತು. ಪೊಲೀಸರು ಆವತ್ತು ತೆಗೆದದ್ದು. ನೋಡಿ ಒಪ್ಪಿಕೊಳ್ಳಿ ಎಂದು ಅದನ್ನು ದೊಡ್ಡಮ್ಮನ ಕೈಗೆ ಕೊಟ್ಟರು. ನಾನೂ ಹೆಗಲ ಮೇಲಿಂದ ಬಗ್ಗಿ ನೋಡಿದೆ. ನನ್ನ ಗಾಡಿ ಆಸ್ಪತ್ರೆಯ ಇಳಿಜಾರಿನ ಬಾಯಿಗೆ ಅಡ್ಡ ನಿಂತಿತ್ತು. ಗಾಲಿಕುರ್ಚಿಯಲ್ಲಿ ಬರುವವರಿಗೆಂದು ಮಾಡಿದ ದಾರಿ ಅದು. ಪಕ್ಕದ ಮೆಟ್ಟಿಲುಗಳ ಮೇಲೆ ಇಬ್ಬರು ಗಂಡಸರು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎತ್ತಿ ಹಿಡಿದಿದ್ದರು. ಕುರ್ಚಿಯಲ್ಲಿ ಒಬ್ಬಳು ಮುದುಕಿ. ತಲೆ ಹಿಂದಕ್ಕೆ ವಾಲಿತ್ತು. ಒಂದು ಕಾಲಿನ ಚಪ್ಪಲಿ ಕೆಳಗಿನ ಮೆಟ್ಟಿಲಿನಲ್ಲಿ ಬಿದ್ದಿತ್ತು. ಆ ಹೊತ್ತಿನಲ್ಲಿ ನಾನು ಎರಡನೆಯ ಮೀನಿನ ತುಂಡು ಹಾಕಿಸಿಕೊಳ್ಳುತ್ತಿದ್ದೆ.

ದೊಡ್ಡಮ್ಮ ಫೋಟೋವನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡಳು. ಬಹಳ ಹೊತ್ತು ನೋಡಿದಳು. 

“ಈಯಮ್ಮ ಯಾರು?”

ಗುಮಾಸ್ತರು ಕೇಳಿದರು. ಗೊತ್ತಿಲ್ಲ ಎಂದು ನ್ಯಾಯಾಧೀಶರು ತಲೆಯಾಡಿಸಿದರು.

“ಬದುಕವ್ಳಾ?”

ಗುಮಾಸ್ತರು ಅದನ್ನು ಮಲಯಾಳದಲ್ಲಿ ಹೇಳಲು ಹೋಗಿ ಗಂಟಲು ಸರಿಮಾಡಿಕೊಂಡರು.  ನ್ಯಾಯಾಧೀಶರು ದೊಡ್ಡಮ್ಮನ ಮುಖವನ್ನೇ ನೋಡುತ್ತಿದ್ದರು.  ದೊಡ್ಡಮ್ಮ ಆ ಫೋಟೋವನ್ನು ಮೇಜಿನ ಮೇಲೆ ಮಲಗಿಸಿ, ಎರಡು ಕೈ ಜೋಡಿಸಿ, ಹಣೆ ಮೇಜಿಗೆ ತಾಗುವಷ್ಟು ಬಾಗಿದಳು. ನ್ಯಾಯಾಧೀಶರಿಗಲ್ಲ, ಆ ಫೋಟೋದಲ್ಲಿದ್ದ ಮುದುಕಿಗೆ.

“ತೆಪ್ಪಾಯ್ತು ಕಣವ್ವಾ” ಅಂದಳು.

ನಾನು ದೇವಸ್ಥಾನ ನೋಡಿದ್ದೇನೆ, ವಿಹಾರ ನೋಡಿದ್ದೇನೆ. ಅಂಥ ನಮಸ್ಕಾರವನ್ನು ಎಲ್ಲಿಯೂ ಕಂಡಿಲ್ಲ. ನನ್ನ ತೋಳು ಹಿಡಿದಿದ್ದ ಪೇದೆ ಕೈ ಬಿಟ್ಟು ಟೊಪ್ಪಿಗೆ ಸರಿಮಾಡಿಕೊಂಡು ನೆಟ್ಟಗೆ ನಿಂತ.  ಈಕೆಯ ಹೆಸರನ್ನು ಕಾಪಾಡುವುದಕ್ಕೆ ಅಂತ ಬಂದವನು ನಾನು! ಅಬ್ಬಬ್ಬಾ, ನನ್ನ ಜಂಬವೇ!

ಸಣ್ಣ ದಂಡ ಹಾಕಿ ಕೇಸು ಮುಗಿಸಿದರು. ಕಟ್ಟಿ ರಶೀದಿ ತಂದೆ. ದೊಡ್ಡಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಅಷ್ಟೇಯಾ?” ಅಂದಳು.

“ಅಷ್ಟೇ. ಮುಗೀತು. ನಡಿ, ಊಟ ಮಾಡಾನ.”

“ಊಟ ಆಮ್ಯಾಕೆ. ಆ ಆಸ್ಪತ್ರೆ ಎಲ್ಲೈತೆ? ತೋರ್ಸು.”

ದೂರವೇನಿರಲಿಲ್ಲ. ಬಿಸಿಲಿನಲ್ಲಿ ನಡೆದುಕೊಂಡೇ ಹೋದೆವು. ಇಳಿಜಾರಿನ ಮುಂದೆ ಈಗ ಹಳದಿ ಗೆರೆ ಎಳೆದು ಒಂದು ಕಂಬ ನೆಟ್ಟಿದ್ದರು. ಒಬ್ಬ ನರ್ಸು ಗಾಲಿಕುರ್ಚಿಯೊಂದನ್ನು ಸಲೀಸಾಗಿ ಮೇಲಕ್ಕೆ ತಳ್ಳಿಕೊಂಡು ಹೋದಳು. ದೊಡ್ಡಮ್ಮ ಅದನ್ನು ನೋಡುತ್ತಾ ನಿಂತಳು. ಆಮೇಲೆ ಮೆಟ್ಟಿಲಿನ ಬುಡಕ್ಕೆ ಬಂದು ಮೊದಲ ಮೆಟ್ಟಿಲಿನ ಮೇಲೆ ಕೂತಳು.

“ಎತ್ಕೊ” ಅಂದಳು.

“ಏನು?”

“ನನ್ನ ಎತ್ಕೊಂಡು ಮ್ಯಾಲ್ಗಂಟ ಓಗು. ಇಳಿಜಾರ್ನಾಗಲ್ಲ, ಮೆಟ್ಲು ಮ್ಯಾಲೆ.”

ಜನ ಓಡಾಡುತ್ತಿದ್ದರು. ಬೇರೆ ದಿನವಾಗಿದ್ದರೆ, ನಿಂಗೇನು ತಲೆ ಕೆಟ್ಟೈತಾ ಎನ್ನುತ್ತಿದ್ದೆ. ಆವತ್ತು ಬಗ್ಗಿ ಎತ್ತಿಕೊಂಡೆ. ಕಡ್ಡಿಯಂಥ ಹೆಂಗಸು, ಇದೇನು ಮಹಾ ಎಂದುಕೊಂಡಿದ್ದೆ. ದಿನಾ ಕಾಯಿ ಚೀಲ ಹೊರುವ ಮೈ ನನ್ನದು. ನಾಲ್ಕು ಮೆಟ್ಟಿಲು ಹತ್ತಿದೆ. ಕಾಯಿ ಚೀಲ ಅಲುಗಾಡುವುದಿಲ್ಲ, ಭಯ ಬೀಳುವುದಿಲ್ಲ. ಇದು ಜೀವ. ಏಳನೆಯ ಮೆಟ್ಟಿಲಿಗೆ ಆಕೆಯ ಕೈ ನನ್ನ ಕೊರಳನ್ನು ಬಿಗಿಯಾಗಿ ಹಿಡಿಯಿತು, ಎದೆ ಹೊಡೆದುಕೊಳ್ಳುವುದು ನನಗೆ ತಿಳಿಯುತ್ತಿತ್ತು. ಹತ್ತರಲ್ಲಿ ಒಂದು ಕಾಲು ಊರಿ, ನೋಡಿಕೊಂಡು ಇನ್ನೊಂದು ಇಟ್ಟೆ. ಜಾರಿದರೆ ಏನು ಗತಿ ಎನ್ನುವುದೊಂದೇ ತಲೆಯಲ್ಲಿ. ಹದಿನಾಲ್ಕು ಮೆಟ್ಟಿಲು. ಮೇಲೆ ಇಳಿಸುವಾಗ ಅಳು ಒತ್ತರಿಸಿಕೊಂಡು ಬಂತು. ಅಲ್ಲೇ ನೆಲದ ಮೇಲೆ ಕೂತು, ನಲವತ್ತನಾಲ್ಕು ವರ್ಷದ ಗಂಡಸು, ಹೋ ಎಂದು ಅತ್ತೆ.

ದೊಡ್ಡಮ್ಮ ಸೆರಗಿನಿಂದ ನನ್ನ ಮುಖ ಒರೆಸಿದಳು. “ಆ ಇಬ್ರೂ ಪಾಪ, ಇಂಗೇ ಎದ್ರಿದ್ರು ಕಣ್ಲಾ” ಅಂದಳು. ಬೈಯಲಿಲ್ಲ. ನೀರು ಕುಡಿದು, ಇಳಿಜಾರಿನಲ್ಲಿ ಕಂಬಿ ಹಿಡಿದುಕೊಂಡು ನಿಧಾನವಾಗಿ ಇಳಿದೆವು.

ಊರಿಗೆ ಬರುವಷ್ಟರಲ್ಲಿ ರಂಜಿನಿ ಡಂಗುರ ಸಾರಿಬಿಟ್ಟಿದ್ದಳು. ಫೋನಿನಲ್ಲಿ ನಾನು ಹೇಳಿದ್ದಕ್ಕೆ ತನ್ನದೂ ನಾಲ್ಕು ಸೇರಿಸಿ, ಕೇರಳದ ಜಡ್ಜಮ್ಮನೇ ಎದ್ದು ನಿಂತು ದೊಡ್ಡಮ್ಮನಿಗೆ ಕೈ ಮುಗಿದರು ಅಂತ ಹಬ್ಬಿಸಿದ್ದಳು. ಎ‌ರಡು ದಿನಕ್ಕೆ ಕಂಪ್ಯೂಟರಿನಲ್ಲಿ ಗಾಡಿಯ ಮೇಲಿನ ಕಪ್ಪು ಹೋಯಿತೆಂದು ರಜನೀಶ ಫೋನು ಮಾಡಿದ. ಅದೇ ಸಾಯಂಕಾಲ ದೇವರಾಜು ಬಂದ. ಅವನ ಹಿಂದೆ ಹೆಸರು ತೆಗೆಸಿದ ಇನ್ನಿಬ್ಬರು ಇದ್ದರು, ಮೋಹನ್‌ಕುಮಾರನೂ ಇದ್ದ. ದೇವರಾಜು ದೊಡ್ಡಮ್ಮನ ಜಗುಲಿಯ ಮೇಲೆ ಕೂತು ರಂಜಿನಿ ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟ.

“ಬುದ್ಧಿ ಕೆಡ್ತು ದೊಡ್ಡಮ್ಮ. ಟ್ರ್ಯಾಕ್ಟ್ರು ತಿರ್ಗ ನಿನ್ನೆಸ್ರಿಗೇ ಮಾಡುಸ್ತೀನಿ. ನಿನ್ನೆಸ್ರು ಅಂದ್ರೆ ಏನು ಅಂತ ಈಗ ಗೊತ್ತಾಯ್ತು” ಅಂದ.

ನನಗೆ ಬೇಕಿದ್ದದ್ದು ಇದೇ. ಇದಕ್ಕೋಸ್ಕರವೇ ನಾನು ಕಾಡು, ಘಟ್ಟ ದಾಟಿ ಹೋಗಿ ಬಂದದ್ದು. ಮೀಸೆಯ ಮೇಲೆ ಕೈ ಹೋಯಿತು.

“ಬ್ಯಾಡ” ಅಂದಳು ದೊಡ್ಡಮ್ಮ.

ಎಲ್ಲರೂ ಆಕೆಯ ಮುಖ ನೋಡಿದೆವು.

“ಕೈ ಬೇಕಾದ್ರೆ ಕರೀರಿ, ಬತ್ತೀನಿ. ಕೀ ತಿರುಗ್ಸು ಅಂದ್ರೆ ತಿರುಗ್ಸ್‌ತೀನಿ. ಎಸ್ರು ಇನ್ಯಾರ್ಗೂ ಕೊಡಾಕಿಲ್ಲ. ದೊಡ್ಡಮ್ಮನ ಎಸ್ರೈತೆ, ಅದೇ ಕಾಯ್ತದೆ ಅಂದ್ಕಂಡು ನೀವು ಕಣ್ಬುಟ್ಟು ನೋಡಾದೇ ಬುಟ್ಬುಟ್ರಿ. ಆವಮ್ಮ ಯಾರೋ ಏನೋ, ಮೆಟ್ಲು ಮ್ಯಾಲೆ ಚಪ್ಲಿ ಬೀಳ್ಸ್ಕಂಡು ಓದ್ಲು. ಇನ್ನ ಆರು ಗಾಡಿ ನನ್ನೆಸ್ರಾಗವೆ. ಈ ತಿಂಗ್ಳಾಗೆ ಎಲ್ರೂ ತಕ್ಕಂಡೋಗಿ.”

ಊರಿಗೆ ಊರೇ ತಲೆಬಾಗಿ ಕೇಳಿದ್ದನ್ನು, ದೇವರಾಜು ಜಗುಲಿಯ ಮೇಲೆ ಕೂತು ಕೈ ಚಾಚಿದ್ದನ್ನು, ಈಕೆ ಕಾಳು ಕೇರಿ ಹೊಟ್ಟು ತೂರಿದಷ್ಟು ಸುಲಭವಾಗಿ ಬೇಡವೆಂದಳು. ದೇವರಾಜು ಎದ್ದು ನಿಂತು, ಇಷ್ಟು ವರ್ಷದಲ್ಲಿ ಮೊದಲ ಸಲ, ಆಕೆಗೆ ಕೈ ಮುಗಿದು ಹೋದ. ರಂಜಿನಿಯ ಸುಳ್ಳು ಅಷ್ಟರಮಟ್ಟಿಗೆ ನಿಜವಾಯಿತು.

ಅವರೆಲ್ಲ ಹೋದ ಮೇಲೆ ಕೇಳಿದೆ. “ನನ್ ಗಾಡಿ?”

“ನಿಂದೇ ಮೊದ್ಲು.”

“ಅಲ್ಲ ದೊಡ್ಡಮ್ಮ, ನಿನ್ನೆಸ್ರು ಉಳಿಸ್ಬೇಕು ಅಂತ್ಲೇ ಅಲ್ವಾ ನಾನು ಇಷ್ಟೆಲ್ಲಾ ಒದ್ದಾಡಿದ್ದು? ಈಗ ನನ್ನೇ ಆಚೀಕ್ ತಳ್ತೀಯಾ?” 

“ನನ್ನೆಸ್ರು ಉಳೀತು ಕಣ್ಲಾ, ನಂಗೆ ಅಷ್ಟು ಸಾಕು. ನಿಂದು ನೀನು ಉಳುಸ್ಕೊ” ಎಂದು ಅಕ್ಕಿ ಆರಿಸಲು ಕೂತಳು.

ಗುರುವಾರ ಹಾಸನಕ್ಕೆ ಹೋದೆ. ರಜನೀಶ ಅರ್ಜಿ ಬಿಡಿಸಿಕೊಂಡು ದೊಡ್ಡಮ್ಮನ ಹೆಬ್ಬೆಟ್ಟು ನೋಡಿದ, ಪೆನ್ನು ತೆಗೆದ. “ಯಾರೆಸ್ರಿಗೆ ಸಾ ಈಗ?” ಅಂದ.

ಯಾವ ಊರಿನ ಪೊಲೀಸರು ಇನ್ನು ಮೇಲೆ ಯಾವ ಚೀಟಿ ಅಂಟಿಸಿದರೂ, ಯಾವ ಫೋಟೋ ತೆಗೆದರೂ, ಅದರ ಕೆಳಗೆ ಬರುವುದು ನಾನು ಈಗ ಹೇಳುವ ಹೆಸರು. ಯಾರ ಬೆನ್ನ ಹಿಂದೆಯೂ ನಿಲ್ಲುವ ಹಾಗಿಲ್ಲ. ಟೀ ಅಂಗಡಿಯಲ್ಲಿ, ಆರ್‌ಟಿಒ ಬಾಗಿಲಲ್ಲಿ, ಕೋರ್ಟಿನಲ್ಲಿ ಕೂಗಾಡಿದ ನನ್ನ ಬಾಯಿಗೆ ಆ ಹೊತ್ತು ಏನಾಯಿತೋ.

“ಶಾಂತರಾಜು” ಅಂದೆ.

“ಕೇಳುಸ್ಲಿಲ್ಲ, ಜೋರಾಗೇಳಿ ಸಾ” ಅಂದ ರಜನೀಶ.

ಇನ್ನೊಂದು ಸಲ ಹೇಳಿದೆ.